ಸಣ್ಣ ರಿವಾಲ್ವರಿಗೆ ತೊಗಲಿನ ಹೋಲ್ಸ್ಟರ್: ಯಾವುದನ್ನು ಕೊಳ್ಳಬೇಕು, ಹೇಗೆ ಕಾಪಾಡಿಕೊಳ್ಳಬೇಕು

ಲೈಸೆನ್ಸಿಗಾಗಿ ಕಚೇರಿ ಕಚೇರಿ ಅಲೆದು, ರಿವಾಲ್ವರಿಗೆ ಲಕ್ಷದ ಆಸುಪಾಸು ಹಣ ಕೊಟ್ಟವರು ಕೊನೆಗೆ ಅಂಗಡಿಯಲ್ಲಿ ಸಿಕ್ಕ ಯಾವುದೋ ರೆಕ್ಸಿನ್ ಕವರಿನಲ್ಲಿ ಅದನ್ನು ತುರುಕಿಕೊಂಡು ಓಡಾಡುವುದು ನನಗೆ ಯಾವಾಗಲೂ ಸಂಕಟ ಕೊಡುವ ನೋಟ. ಒಳ್ಳೆಯದೊಂದು ಹೋಲ್ಸ್ಟರನ್ನು, ಅಂದರೆ ಗನ್ನನ್ನು ಮೈಗೆ ಕಟ್ಟಿಕೊಂಡು ಒಯ್ಯುವ ಚೀಲವನ್ನು, ಕೊಳ್ಳೋಣ ಎಂದು ಹೊರಟವರಿಗೂ ಗೊಂದಲ ತಪ್ಪಿದ್ದಲ್ಲ. ಮುಚ್ಚಳ ಇರುವುದೋ, ಬಾಯಿ ತೆರೆದಿರುವುದೋ? ಬೆಲ್ಟಿನ ಹೊರಗೋ, ಪ್ಯಾಂಟಿನ ಒಳಗೋ? ನಮ್ಮ ಮಳೆಗಾಲಕ್ಕೆ ತೊಗಲು ತಾಳುತ್ತದೆಯೋ ಇಲ್ಲವೋ? ಇವಕ್ಕೆಲ್ಲ ಒಂದೇ ಉತ್ತರವಿಲ್ಲ. ನೀವು ದಿನದ ಹೆಚ್ಚು ಹೊತ್ತು ಎಲ್ಲಿ ಕೂತಿರುತ್ತೀರಿ, ಏನು ಉಡುತ್ತೀರಿ, ನಿಮ್ಮೂರಿನಲ್ಲಿ ಎಷ್ಟು ಮಳೆ ಬೀಳುತ್ತದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆದರೆ ಎಲ್ಲರಿಗೂ ಸಲ್ಲುವ ಒಂದು ಮಾತಿದೆ: ಹೋಲ್ಸ್ಟರ್ ಇರುವುದು ಗನ್ನನ್ನು ಹೊತ್ತೊಯ್ಯಲು, ಮನೆಯಲ್ಲಿ ಇಟ್ಟುಕೊಳ್ಳಲು ಅಲ್ಲ. ಹಾಗೇಕೆ ಎಂಬುದನ್ನು ಕೊನೆಯ ಭಾಗದಲ್ಲಿ ವಿವರವಾಗಿ ಹೇಳುತ್ತೇನೆ.

ಮೊದಲು ಯಾವ ಗನ್ನಿನ ಬಗ್ಗೆ ಮಾತಾಡುತ್ತಿದ್ದೇವೆ ಎನ್ನುವುದು ಸ್ಪಷ್ಟವಾಗಿರಲಿ. ನಮ್ಮಲ್ಲಿ ಲೈಸೆನ್ಸುದಾರರ ಬಳಿ ಹೆಚ್ಚಾಗಿ ಕಾಣುವುದು .32 ಬೋರಿನ (ಅಂದರೆ ನಳಿಗೆಯ ತೂತು ಸುಮಾರು 0.32 ಇಂಚು ಅಗಲವಿರುವ) ರಿವಾಲ್ವರ್. ಕಾನ್ಪುರದ ಸರ್ಕಾರಿ ಕಾರ್ಖಾನೆಯದು, ಬ್ರಿಟನ್ನಿನ ಹಳೆಯ ವೆಬ್ಲಿ ಕಂಪನಿಯ ಗನ್ನಿನ ಮಾದರಿಯದು. ನಡುವೆ ಮಡಚಿ ತೆರೆದು ಗುಂಡು ತುಂಬುವಂಥದ್ದು. ಆರು ಗುಂಡು, 3 ಇಂಚಿನ ನಳಿಗೆ, ತೂಕ ಸುಮಾರು 700 ಗ್ರಾಂ. 2014ರಲ್ಲಿ ಮಹಿಳೆಯರನ್ನು ಮನಸ್ಸಿನಲ್ಲಿಟ್ಟುಕೊಂಡು ಅಲ್ಲಿಂದಲೇ ಬಂದ ‘ನಿರ್ಭೀಕ್’ ಟೈಟೇನಿಯಂ ಮಿಶ್ರಲೋಹದ್ದು, ತೂಕ ಅರ್ಧ ಕೆಜಿಯ ಆಸುಪಾಸು. 2023ರ ಆಗಸ್ಟಿನಲ್ಲಿ ಬಂದ ‘ಪ್ರಬಲ್’ನಲ್ಲಿ ಸಿಲಿಂಡರ್ (ಗುಂಡು ತುಂಬುವ, ತಿರುಗುವ ಉರುಳೆ) ಪಕ್ಕಕ್ಕೆ ತೆರೆದುಕೊಳ್ಳುತ್ತದೆ, 76 ಮಿ.ಮೀ. ನಳಿಗೆ, ಒಟ್ಟು ಉದ್ದ 177.6 ಮಿ.ಮೀ., ತೂಕ 700 ಗ್ರಾಂ. ಪಶ್ಚಿಮ ಬಂಗಾಳದ ಇಷಾಪುರದಲ್ಲಿ ತಯಾರಾದ .22 ‘ನಿಡರ್’ ಇವೆಲ್ಲಕ್ಕಿಂತ ಪುಟ್ಟದು, ಬರೀ 250 ಗ್ರಾಂ.

ಈ ಅಂಕಿಗಳನ್ನು ಹೇಳುವುದಕ್ಕೆ ಕಾರಣವಿದೆ. 250 ಗ್ರಾಂ ಹೊರುವ ಬೆಲ್ಟಿಗೂ 700 ಗ್ರಾಂ ಹೊರುವ ಬೆಲ್ಟಿಗೂ ಅಜಗಜಾಂತರ. ಇನ್ನು ‘ಸಣ್ಣ ರಿವಾಲ್ವರಿಗೆ’ ಎಂದು ಬರೆದು ಮಾರುವ ಹೊರದೇಶದ ಹೋಲ್ಸ್ಟರುಗಳು ಬಹುಪಾಲು ಅಮೆರಿಕದ ಐದು ಗುಂಡಿನ ಗನ್ನುಗಳ ಅಳತೆಗೆ ಮಾಡಿದಂಥವು. ನಮ್ಮ ಗನ್ನುಗಳು ಅವುಗಳೊಳಗೆ ಸರಿಯಾಗಿ ಕೂರುತ್ತವೆ ಎಂದು ನಂಬುವಂತಿಲ್ಲ. ಜೊತೆಗೆ ಮಡಚುವ ಮಾದರಿಯಲ್ಲಿ ಹ್ಯಾಮರಿನ (ಗುಂಡು ಹಾರಿಸಲು ಬಡಿಯುವ ಹಿಂದಿನ ಸುತ್ತಿಗೆ) ಪಕ್ಕಕ್ಕೆ, ಎಡಬದಿಯಲ್ಲಿ ಗನ್ ತೆರೆಯುವ ಚಿಲಕ ಇರುತ್ತದೆ. ಹೋಲ್ಸ್ಟರಿನ ಪಟ್ಟಿ ಆ ಚಿಲಕದ ಮೇಲೆ ಬಿಗಿಯಾಗಿ ಕೂರಬಾರದು. ಆದ್ದರಿಂದ ಗನ್ನಿನ ಹೆಸರು, ನಳಿಗೆಯ ಉದ್ದ, ತೆರೆಯುವ ಬಗೆ, ಎಡಗೈಯೋ ಬಲಗೈಯೋ ಎಂಬ ಈ ನಾಲ್ಕನ್ನೂ ಹೇಳದೆ ಹೋಲ್ಸ್ಟರ್ ಕೇಳಲೇಬೇಡಿ.

ಯಾವ ಒರೆಗಲ್ಲಿಗೆ ಹಚ್ಚಬೇಕು

ಮೊದಲ ಲಕ್ಷಣ, ಬಿಟ್ಟುಕೊಡಲಾಗದ್ದು: ಟ್ರಿಗರ್ ಮತ್ತು ಅದರ ಸುತ್ತಲಿನ ಬಳೆ ಪೂರ್ತಿ ತೊಗಲಿನೊಳಗೆ ಮುಚ್ಚಿರಬೇಕು. ಹಳೆಯ ಕಾಲದ ಕೆಲವು ಹೋಲ್ಸ್ಟರುಗಳಲ್ಲಿ ಬೆರಳು ಬೇಗ ಒಳಹೋಗಲಿ ಎಂದು ಟ್ರಿಗರ್ ಬಳಿ ಕತ್ತರಿಸಿರುತ್ತಾರೆ. ನೋಡಲು ಚೆನ್ನ, ಆದರೆ ಅಂಗಿಯ ತುದಿಯೋ ಜಾಕೆಟ್ಟಿನ ದಾರವೋ ಒಳಗೆ ಸಿಕ್ಕಿಕೊಂಡರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಅಂಥದ್ದು ಪುಕ್ಕಟೆ ಸಿಕ್ಕರೂ ಬೇಡ.

ಎರಡನೆಯದು ಹಿಡಿತ. ಗನ್ ಖಾಲಿ ಮಾಡಿ, ಸಿಲಿಂಡರಿನಲ್ಲಿ ಗುಂಡು ಕೂರುವ ಎಲ್ಲ ಮನೆಗಳನ್ನೂ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ಹಾಸಿಗೆಯ ಮೇಲೆ ಹೋಲ್ಸ್ಟರನ್ನು ತಲೆಕೆಳಗಾಗಿ ಹಿಡಿದು ಮೆಲ್ಲಗೆ ಅಲುಗಿಸಿ. ಪಟ್ಟಿ ಹಾಕದೆಯೂ ಗನ್ ಜಾರದಿದ್ದರೆ ಹೊಂದಿಕೆ ಸರಿ ಇದೆ ಎಂದರ್ಥ. ಪಟ್ಟಿಯೊಂದನ್ನೇ ನೆಚ್ಚಿಕೊಂಡಿರುವ ಹೋಲ್ಸ್ಟರ್ ಟಿಚ್ ಬಟನ್ ಸಡಿಲವಾದ ದಿನ ಕೈಕೊಡುತ್ತದೆ.

ಮೂರನೆಯದನ್ನು ಕೊಳ್ಳುವವರು ಯಾರೂ ನೋಡುವುದೇ ಇಲ್ಲ. ಗನ್ ಹೊರತೆಗೆದ ಮೇಲೆ ಹೋಲ್ಸ್ಟರಿನ ಬಾಯಿ ತೆರೆದೇ ಇರುತ್ತದೆಯೋ, ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆಯೋ? ಮುಚ್ಚಿಕೊಂಡರೆ ಮತ್ತೆ ಒಳಗಿಡುವಾಗ ಎಡಗೈಯಿಂದ ಬಾಯಿ ಅಗಲಿಸಬೇಕಾಗುತ್ತದೆ, ಅಂದರೆ ನಳಿಗೆಯ ತುದಿ ನಿಮ್ಮದೇ ಬೆರಳಿನ ಮುಂದೆ ಬರುತ್ತದೆ. ಮೆತ್ತಗಾದ ಬಾಯಿ ಒಳಕ್ಕೆ ಮಡಚಿ ಟ್ರಿಗರಿನ ಮೇಲೆ ಒತ್ತುವ ಅಪಾಯವೂ ಇದೆ. ಒಳ್ಳೆಯ ಕೆಲಸಗಾರರು ಬಾಯಿಯ ಸುತ್ತ ಇನ್ನೊಂದು ಪದರ ತೊಗಲು ಹೊಲಿದು ಗಟ್ಟಿ ಮಾಡಿರುತ್ತಾರೆ.

ನಾಲ್ಕನೆಯದು ಮರೆ. ಇದು ಬರೀ ಶಿಷ್ಟಾಚಾರದ ಮಾತಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕನ್ನು ಮೈಗೆ ಕಟ್ಟಿದ ಹೋಲ್ಸ್ಟರಿನಲ್ಲೋ ಅಂಥದೇ ಚೀಲದಲ್ಲೋ ಇಟ್ಟುಕೊಂಡಿರಬೇಕು, ಅದು ಪೂರ್ತಿ ಮುಚ್ಚಿರಬೇಕು, ಹೊತ್ತವರ ಹತೋಟಿಯಲ್ಲಿರಬೇಕು. ಸೊಂಟದ ಮೇಲೆ ಹಿಡಿ ಕಾಣುವ ಹಾಗೆ ಮದುವೆಮನೆಗೆ ಹೋಗುವುದು ದೊಡ್ಡಸ್ತಿಕೆ ಎಂದುಕೊಂಡವರು ಲೈಸೆನ್ಸಿಗೇ ಸಂಚಕಾರ ತಂದುಕೊಳ್ಳುತ್ತಾರೆ. ಹಾಗಾಗಿ ಯಾವ ಹೋಲ್ಸ್ಟರ್ ಆಯ್ದರೂ, ನೀವು ಸಾಮಾನ್ಯವಾಗಿ ತೊಡುವ ಅಂಗಿಯ ಕೆಳಗೆ ಅದು ಮರೆಯಾಗುತ್ತದೆಯೇ ಎಂದು ಕನ್ನಡಿಯ ಮುಂದೆ ನಿಂತು, ಕೂತು, ಬಗ್ಗಿ ನೋಡಿ.

ಇವಾದ ಮೇಲೆ ತೊಗಲಿನ ಗುಣ, ಆಮೇಲೆ ಬೆಲೆ. ಬೇಗ ಹೊರತೆಗೆಯಲು ಬರುತ್ತದೆಯೇ ಎನ್ನುವುದನ್ನು ನಾನು ಉದ್ದೇಶಪೂರ್ವಕವಾಗಿ ಪಟ್ಟಿಯ ಕೊನೆಗೆ ಇಟ್ಟಿದ್ದೇನೆ. ನಮ್ಮ ಬಹುಪಾಲು ಲೈಸೆನ್ಸುದಾರರ ಬದುಕಿನಲ್ಲಿ ಗನ್ ಹೊರಗೆ ಬರುವ ಸಂದರ್ಭವೇ ಬರುವುದಿಲ್ಲ, ಬರದಿರಲಿ. ಆದರೆ ಬಸ್ಸಿನ ನೂಕುನುಗ್ಗಲಿನಲ್ಲಿ, ತೋಟದ ಬೇಲಿ ದಾಟುವಾಗ, ಬೈಕಿನ ಮೇಲೆ ಅದು ಬೀಳದೆ ಇರಬೇಕಾದ ಸಂದರ್ಭ ದಿನವೂ ಬರುತ್ತದೆ.

ತೊಗಲಿನ ವಿಚಾರ

ತೊಗಲು ಹದ ಮಾಡುವ ಮುಖ್ಯ ದಾರಿ ಎರಡು. ಮರದ ತೊಗಟೆ, ಕಾಯಿಗಳ ರಸದಲ್ಲಿ ವಾರಗಟ್ಟಲೆ ನೆನೆಸಿ ಹದ ಮಾಡುವುದು ಹಳೆಯದು. ದಕ್ಷಿಣ ಭಾರತದಲ್ಲಿ ಇದಕ್ಕೆ ತಂಗಡಿ ಗಿಡದ ತೊಗಟೆ, ಅಳಲೆಕಾಯಿ ಬಳಸುತ್ತಿದ್ದರು. ತಿರುಚಿರಾಪಳ್ಳಿ, ದಿಂಡಿಗಲ್ ಕಡೆಯ ಅಂಥ ತೊಗಲಿಗೆ ‘ಈಸ್ಟ್ ಇಂಡಿಯಾ ಲೆದರ್’ ಎಂಬ ಹೆಸರಿನಲ್ಲಿ ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಸಿಕ್ಕಿದೆ. ಇನ್ನೊಂದು ಕ್ರೋಮಿಯಂ ಲವಣದಲ್ಲಿ ಒಂದೆರಡು ದಿನದಲ್ಲೇ ಮುಗಿಸುವ ಕ್ರೋಮ್ ಹದ. ಜಾಕೆಟ್ಟು, ಪರ್ಸು, ಸೋಫಾಗಳ ಮೆತ್ತನೆಯ ತೊಗಲು ಹೆಚ್ಚಾಗಿ ಇದೇ.

ಹೋಲ್ಸ್ಟರಿಗೆ ಬೇಕಾದ್ದು ಮೊದಲನೆಯದು. ಗಿಡಮೂಲದಲ್ಲಿ ಹದವಾದ ತೊಗಲನ್ನು ನೆನೆಸಿ ಗನ್ನಿನ ಆಕಾರಕ್ಕೆ ಒತ್ತಿ ಒಣಗಿಸಿದರೆ ಅದು ಆ ಆಕಾರವನ್ನು ಮರೆಯುವುದಿಲ್ಲ. ಹಿಡಿತವೂ ಗಟ್ಟಿ ಬಾಯಿಯೂ ಬರುವುದು ಈ ಗುಣದಿಂದಲೇ. ಕ್ರೋಮ್ ತೊಗಲು ಎಷ್ಟು ಒತ್ತಿದರೂ ಮತ್ತೆ ಮೆತ್ತಗೆ ಜೋಲುತ್ತದೆ, ಅದರಲ್ಲಿ ಉಳಿದ ಲವಣ ಲೋಹಕ್ಕೂ ಒಳ್ಳೆಯದಲ್ಲ. ಗುರುತಿಸುವುದು ಕಷ್ಟವಲ್ಲ. ಬಣ್ಣ ಹಾಕದ ಕತ್ತರಿಸಿದ ಅಂಚು ನೋಡಿ: ಗಿಡಮೂಲದ್ದು ಒಳಗೂ ಕಂದು, ಕ್ರೋಮಿನದು ನಡುವೆ ನೀಲಿ-ಬೂದು. ಒಂದು ಹನಿ ನೀರು ಬಿಟ್ಟರೆ ಮೇಣ ಹಚ್ಚದ ಗಿಡಮೂಲ ತೊಗಲು ಅಲ್ಲೇ ಕಪ್ಪಾಗಿ ಹೀರಿಕೊಳ್ಳುತ್ತದೆ.

ದಪ್ಪ 3ರಿಂದ 4 ಮಿ.ಮೀ. ಇದ್ದರೆ .32ಕ್ಕೆ ಸಾಕು. ಹೊಲಿಗೆ ಸಿಲಿಂಡರಿನ ಮುಂಭಾಗವನ್ನು ತಬ್ಬಿದ ಹಾಗೆ ಹತ್ತಿರದಲ್ಲೇ ಹೋಗಿರಬೇಕು, ಮೇಣ ಹಚ್ಚಿದ ದಪ್ಪ ದಾರ ಇರಬೇಕು. ಒಳಗಡೆ ನುಣುಪು ಮೈ ಇರುವುದೇ ಮೇಲು. ಮೃದುವಾದ ಒರಟು ಅಸ್ತರು ಹಾಕಿದ್ದು ಕೈಗೆ ಹಿತ, ಆದರೆ ಧೂಳನ್ನೂ ತೇವವನ್ನೂ ಹಿಡಿದಿಟ್ಟುಕೊಂಡು ಗನ್ನಿನ ಬಣ್ಣ ಉಜ್ಜುತ್ತದೆ.

ಒಂದೊಂದಾಗಿ ನೋಡೋಣ

*ಮುಚ್ಚಳದ ಹೋಲ್ಸ್ಟರ್.* ಪೊಲೀಸರ, ಸೈನಿಕರ ಸೊಂಟದಲ್ಲಿ ನೋಡಿರುತ್ತೀರಿ. ಇದನ್ನು ಹಳೆಯ ಕಾಲದ್ದೆಂದು ಪಕ್ಕಕ್ಕಿಡುವವರೇ ಹೆಚ್ಚು. ಮಲೆನಾಡಿನವರಿಗೆ, ಕೊಡಗಿನವರಿಗೆ ನನ್ನ ಮೊದಲ ಸಲಹೆ ಇದೇ. ಆಗುಂಬೆಯಲ್ಲಿ ವರ್ಷದ ಮಳೆ ಸರಾಸರಿ 7,000 ಮಿ.ಮೀ. ಮೀರುತ್ತದೆ, ಅಲ್ಲಿ ಬಾಯಿ ತೆರೆದ ಹೋಲ್ಸ್ಟರ್ ಎಂದರೆ ಹ್ಯಾಮರಿನ ಸಂದಿಗೆ ನೇರ ನೀರಿಳಿಸಿದಂತೆ. ತೋಟದಲ್ಲಿ ಕಾಫಿ ರೆಂಬೆ, ಮುಳ್ಳು, ಕಸಕಡ್ಡಿ ಯಾವುದೂ ಮುಚ್ಚಳದೊಳಗೆ ಹೋಗುವುದಿಲ್ಲ. ಬಗ್ಗಿದರೂ ಬಿದ್ದರೂ ಗನ್ ಕದಲುವುದಿಲ್ಲ. ಕಳೆದುಕೊಳ್ಳುವುದು ಎರಡು: ದಪ್ಪ ಹೆಚ್ಚು, ಆದ್ದರಿಂದ ಇನ್‌ಶರ್ಟ್ ಮಾಡುವವರಿಗೆ ಆಗಿಬರುವುದಿಲ್ಲ, ಹೊರತೆಗೆಯಲು ಹೊತ್ತು ಹಿಡಿಯುತ್ತದೆ. ಜಾಕೆಟ್ಟು ತೊಟ್ಟು ಎಸ್ಟೇಟು ಸುತ್ತುವವರಿಗೆ ಇವೆರಡೂ ತೊಂದರೆಯಲ್ಲ. ಕೊಳ್ಳುವಾಗ ಮುಚ್ಚಳದ ಗುಂಡಿ ಹಿತ್ತಾಳೆಯ ಗೂಟದ್ದಿರಲಿ. ಟಿಚ್ ಬಟನ್ ಮಳೆಯಲ್ಲಿ ತುಕ್ಕು ಹಿಡಿದು ಸಡಿಲವಾಗುತ್ತದೆ, ಗೂಟ ಹಾಗಲ್ಲ.

*ಹೆಬ್ಬೆರಳ ಪಟ್ಟಿಯದು.* ಬಾಯಿ ತೆರೆದಿದ್ದು, ಹ್ಯಾಮರಿನ ಹಿಂದಿನಿಂದ ಒಂದು ಪಟ್ಟಿ ಬಂದು ಟಿಚ್ ಬಟನಿನಲ್ಲಿ ಕೂರುತ್ತದೆ. ಹಿಡಿ ಹಿಡಿಯುವಾಗಲೇ ಹೆಬ್ಬೆರಳು ಅದನ್ನು ಬಿಡಿಸುತ್ತದೆ. ಒಂದೇ ಹೋಲ್ಸ್ಟರ್ ಕೊಳ್ಳುವ ಶಕ್ತಿ ಇದ್ದು, ಊರು ಅತಿ ಮಳೆಯದಲ್ಲದಿದ್ದರೆ ಬಹಳ ಜನರಿಗೆ ಇದು ಸರಿಹೊಂದುತ್ತದೆ. ದಿನದ ಪೇಟೆ ಓಡಾಟಕ್ಕೆ ಹಿಡಿತವೂ ಸಾಕು, ಅಂಗಿ ಹೊರಗೆ ಬಿಟ್ಟರೆ ಮರೆಯೂ ಸಾಕು. ನೋಡಬೇಕಾದದ್ದು ಪಟ್ಟಿಯ ಹೆಬ್ಬೆರಳು ತಾಗುವ ಭಾಗ. ಅದರೊಳಗೆ ಸಣ್ಣ ಲೋಹದ ತಗಡು ಇಟ್ಟು ಹೊಲಿದಿದ್ದರೆ ಒಂದೇ ಒತ್ತಿಗೆ ಬಿಚ್ಚುತ್ತದೆ. ಬರೀ ತೊಗಲಾದರೆ ಕೆಲವೇ ತಿಂಗಳಲ್ಲಿ ಮೆತ್ತಗಾಗಿ ಹೆಬ್ಬೆರಳಿಗೆ ಮಣಿಯುವುದೇ ಹೊರತು ಬಿಚ್ಚುವುದಿಲ್ಲ. ಮಡಚುವ ಮಾದರಿಯವರು ಮೇಲೆ ಹೇಳಿದ ಚಿಲಕದ ಸಂಗತಿಯನ್ನು ಇಲ್ಲಿ ಮುಖ್ಯವಾಗಿ ಪರೀಕ್ಷಿಸಿ: ಖಾಲಿ ಗನ್ ಇಟ್ಟು, ಪಟ್ಟಿ ಹಾಕಿ, ಬಿಚ್ಚಿ ಹೊರತೆಗೆದಾಗ ಚಿಲಕ ತನ್ನ ಜಾಗದಲ್ಲೇ ಇರಬೇಕು.

*ಪ್ಯಾನ್‌ಕೇಕ್.* ಎರಡು ತೊಗಲಿನ ಹಾಳೆಗಳ ನಡುವೆ ಗನ್ ಕೂತು, ಎರಡೂ ಬದಿಯಲ್ಲಿ ಬೆಲ್ಟು ತೂರಿಸಲು ಸೀಳು. ಬೆಲ್ಟು ಎಳೆದಂತೆ ಇಡೀ ಹೋಲ್ಸ್ಟರ್ ಮೈಗೆ ಅಂಟಿ ಕೂರುವುದರಿಂದ ರಿವಾಲ್ವರಿನ ಉಬ್ಬಿದ ಸಿಲಿಂಡರ್ ಕೂಡ ಅಷ್ಟಾಗಿ ಎದ್ದು ಕಾಣುವುದಿಲ್ಲ. ತೂಕ ಎರಡು ಕಡೆ ಹಂಚಿಹೋಗುವುದರಿಂದ 700 ಗ್ರಾಂ ಕೂಡ ಹಗುರವೆನಿಸುತ್ತದೆ. ಅಂಗಡಿಯಲ್ಲಿ, ಕಚೇರಿಯಲ್ಲಿ ನಿಂತು ಓಡಾಡಿ ದಿನ ಕಳೆಯುವವರಿಗೆ ನಾನು ಹೇಳುವುದು ಇದನ್ನೇ. ಹಾಕಿ ತೆಗೆಯಲು ಪ್ರತಿ ಸಲ ಬೆಲ್ಟನ್ನು ಅರ್ಧ ಬಿಚ್ಚಬೇಕು ಎನ್ನುವುದೇ ಇದರ ತೊಡಕು. ದಿನಕ್ಕೆ ನಾಲ್ಕಾರು ಸಲ ತೆಗೆದಿಡಬೇಕಾದವರಿಗೆ ಇದು ಬೇಸರ ತರಿಸುತ್ತದೆ.

*ಪ್ಯಾಡಲ್.* ಹಿಂದೆ ಅಗಲವಾದ ನಾಲಿಗೆಯಂಥ ತುಂಡು. ಅದನ್ನು ಪ್ಯಾಂಟಿನೊಳಗೆ ಸಿಕ್ಕಿಸಿದರಾಯಿತು. ತೆಗೆಯಲು ಹಾಕಲು ಸುಲಭ, ಅದೇ ಅದರ ದೋಷವೂ ಹೌದು. ನೂಕಾಟದಲ್ಲಿ ಗನ್ ಸಮೇತ ಇಡೀ ಹೋಲ್ಸ್ಟರೇ ಎದ್ದು ಬರಬಹುದು. ಜನಜಂಗುಳಿಯಲ್ಲಿ ಓಡಾಡುವವರಿಗೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

*ಪ್ಯಾಂಟಿನ ಒಳಗಿನದು.* ಮರೆಯ ದೃಷ್ಟಿಯಿಂದ ಇದಕ್ಕೆ ಸಾಟಿಯಿಲ್ಲ. ಆದರೆ ನಮ್ಮ ಸೆಖೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮಂಗಳೂರಿನಲ್ಲಿ, ಕಾರವಾರದಲ್ಲಿ ಬೆವರು ನೇರವಾಗಿ ತೊಗಲಿಗೆ, ತೊಗಲಿನಿಂದ ಉಕ್ಕಿಗೆ ಹೋಗುತ್ತದೆ. ಬೆವರಿನಲ್ಲಿ ಉಪ್ಪಿದೆ, ಕರಾವಳಿಯ ಗಾಳಿಯಲ್ಲೂ ಇದೆ. ಇದನ್ನೇ ಆಯ್ದರೆ ಮೈಯ ಕಡೆಗೆ ತೊಗಲು ಎತ್ತರವಾಗಿ ಬಂದು ಗನ್ನನ್ನು ಬನಿಯನಿನಿಂದ ಪೂರ್ತಿ ಬೇರೆ ಮಾಡಿರಬೇಕು, ಬಾಯಿಗೆ ಗಟ್ಟಿ ಪದರ ಇರಲೇಬೇಕು. ಪ್ಯಾಂಟಿನ ಸೊಂಟದ ಅಳತೆಯೂ ಒಂದೆರಡು ಇಂಚು ಹೆಚ್ಚು ಬೇಕು. ಕಡಿಮೆ ಬೆಲೆಗೆ ಸಿಗುವ ಮೆತ್ತನೆಯ ಸ್ವೇಡ್ (ಒಳಮೈಯನ್ನು ಉಜ್ಜಿ ಮೆತ್ತಗೆ ಮಾಡಿದ ತೊಗಲು) ಚೀಲಕ್ಕೆ ಒಂದು ಕ್ಲಿಪ್ಪು ಹಾಕಿ ಇದೇ ಹೆಸರಿನಲ್ಲಿ ಮಾರುತ್ತಾರೆ. ಅದರ ಬಾಯಿ ಮುಚ್ಚಿಕೊಳ್ಳುತ್ತದೆ, ಕ್ಲಿಪ್ಪು ಜಾರುತ್ತದೆ. ನಿಡರ್‌ನಂಥ 250 ಗ್ರಾಂ ಗನ್ನಿಗೂ ನಾನು ಅದನ್ನು ಒಪ್ಪಲಾರೆ.

*ಅಡ್ಡ ಹೋಲ್ಸ್ಟರ್.* ಬಲಗೈಯವರು ಎಡಬದಿಯ ಮುಂಭಾಗದಲ್ಲಿ, ಹಿಡಿ ಬಲಕ್ಕೆ ಬರುವ ಹಾಗೆ ಕಟ್ಟುವಂಥದ್ದು. ದಿನದ ಬಹುಭಾಗ ಜೀಪು, ಕಾರು, ಲಾರಿಯ ಸ್ಟಿಯರಿಂಗ್ ಹಿಂದೆ ಕೂರುವವರು ಇದರ ಬಗ್ಗೆ ಯೋಚಿಸಬೇಕು. ನಮ್ಮ ಗಾಡಿಗಳಲ್ಲಿ ಚಾಲಕ ಬಲಕ್ಕೆ ಕೂರುತ್ತಾನೆ, ಸೀಟ್‌ಬೆಲ್ಟು ಬಲಗಡೆಯಿಂದ ಬಂದು ಎಡಗಡೆ ಸಿಕ್ಕಿಕೊಳ್ಳುತ್ತದೆ. ಬಲ ಸೊಂಟದ ಗನ್ ಸೀಟಿಗೂ ಬಾಗಿಲಿಗೂ ಸೀಟ್‌ಬೆಲ್ಟಿಗೂ ನಡುವೆ ಸಿಕ್ಕಿ ಪಕ್ಕೆಗೆ ಒತ್ತುತ್ತದೆ. ಅದನ್ನು ತಾಳಲಾರದೆ ಗನ್ ತೆಗೆದು ಡ್ಯಾಶ್‌ಬೋರ್ಡಿನಲ್ಲೋ ಸೀಟಿನ ಕೆಳಗೋ ಇಟ್ಟು, ಟೀ ಕುಡಿಯಲು ಇಳಿಯುವಾಗ ಅಲ್ಲೇ ಮರೆಯುವವರಿದ್ದಾರೆ. ಅಂಥ ಅಭ್ಯಾಸಕ್ಕಿಂತ ಅಡ್ಡ ಹೋಲ್ಸ್ಟರ್ ಎಷ್ಟೋ ಮೇಲು. ಆದರೆ ಎದುರು ನಿಂತವರ ಕೈಗೂ ಹಿಡಿ ಹತ್ತಿರವಾಗುತ್ತದೆ ಎಂಬುದು ನೆನಪಿರಲಿ. ಹಾಗಾಗಿ ಇದಕ್ಕೆ ಹೆಬ್ಬೆರಳ ಪಟ್ಟಿ ಇರಲೇಬೇಕು.

ಬೈಕ್ ಸವಾರರಿಗೆ ಒಂದು ಮಾತು. ಹೋಲ್ಸ್ಟರ್ ಯಾವುದೇ ಇರಲಿ, ಬೆನ್ನಿನ ನಡುಭಾಗಕ್ಕೆ ಕಟ್ಟಬೇಡಿ. ಜಾರಿ ಬಿದ್ದರೆ ಬೆನ್ನುಮೂಳೆಯ ಕೆಳಗೆ ಉಕ್ಕಿನ ತುಂಡು ಇರುತ್ತದೆ. ಬಲ ಸೊಂಟದ ಮೂಳೆಯಿಂದ ಸ್ವಲ್ಪ ಹಿಂದಕ್ಕೆ, ಹಿಡಿ ತುಸು ಮುಂದಕ್ಕೆ ವಾಲಿರುವ ಹಾಗೆ ಕಟ್ಟಿದರೆ ಕೂತಾಗಲೂ ಹಿಡಿ ಅಂಗಿಯನ್ನು ಎತ್ತುವುದಿಲ್ಲ.

ಹೆಗಲಿಗೆ, ಕಾಲಿಗೆ ಕಟ್ಟುವವುಗಳನ್ನು ಇಲ್ಲಿ ಬಿಟ್ಟಿದ್ದೇನೆ. ‘ಎಲ್ಲ ಗನ್ನಿಗೂ ಆಗುತ್ತದೆ’ ಎಂದು ಮಾರುವ ನೈಲಾನ್ ಚೀಲಗಳು ಯಾವ ಗನ್ನಿಗೂ ಸರಿಯಾಗಿ ಆಗುವುದಿಲ್ಲ.

ಬೆಲ್ಟೇ ಕಟ್ಟದವರ ಪ್ರಶ್ನೆ ಬೇರೆ. ಸೀರೆ, ಚೂಡಿದಾರ್ ಉಡುವ ಹೆಣ್ಣುಮಕ್ಕಳಿಗೆ ‘ಮಹಿಳೆಯರ ರಿವಾಲ್ವರ್’ ಎಂದು ಗನ್ ಮಾರಿದಷ್ಟು ಉತ್ಸಾಹದಿಂದ ಅದನ್ನು ಹೊರುವ ಸಾಧನವನ್ನು ಯಾರೂ ಯೋಚಿಸಿಲ್ಲ. ವ್ಯಾನಿಟಿ ಬ್ಯಾಗಿನಲ್ಲಿ ಕೀಲಿಕೈ, ಪೆನ್ನು, ಮೊಬೈಲುಗಳ ಜೊತೆ ಬಿಡಿಯಾಗಿ ರಿವಾಲ್ವರ್ ಹಾಕುವುದು ತೀರಾ ಅಪಾಯ. ಪ್ರತ್ಯೇಕ ಅರೆ ಇರುವ, ಗಟ್ಟಿ ತಳದ ಚೀಲದೊಳಗೆ ಆಕಾರಕ್ಕೆ ಒತ್ತಿದ ತೊಗಲಿನ ಹೋಲ್ಸ್ಟರನ್ನು ಹೊಲಿಸಿ ಕೂರಿಸಿ. ಆ ಅರೆಯಲ್ಲಿ ಬೇರೆ ಏನನ್ನೂ ಇಡಬೇಡಿ. ಚೀಲ ಮೈಯಿಂದ ದೂರವಾಗಬಾರದು. ಪಂಚೆ ಉಡುವವರು ಕಟ್ಟುವ ಅಗಲ ಬಟ್ಟೆಯ ಜೇಬಿನ ಪಟ್ಟಿ ದುಡ್ಡು ಹೊರುತ್ತದೆ, 700 ಗ್ರಾಂ ಹೊರುವುದಿಲ್ಲ. ಪಂಚೆಯ ಮೇಲೆ ಗಟ್ಟಿ ತೊಗಲಿನ ಬೆಲ್ಟು ಬಿಗಿದು, ಮೇಲೆ ಉದ್ದ ಜುಬ್ಬಾ ಬಿಟ್ಟರೆ ಮುಚ್ಚಳದ ಹೋಲ್ಸ್ಟರ್ ಕೂರುತ್ತದೆ.

ಬೆಲ್ಟು ಮತ್ತು ಬೆಲೆ

ದುಡ್ಡು ಕಡಿಮೆ ಇದ್ದರೆ ಮೊದಲು ಬೆಲ್ಟಿಗೆ ಖರ್ಚು ಮಾಡಿ. ಇದು ಕೇಳಲು ವಿಚಿತ್ರ, ಆದರೆ ಮೆತ್ತನೆಯ ಬೆಲ್ಟಿನ ಮೇಲೆ ಎಂಥ ಹೋಲ್ಸ್ಟರೂ ಹೊರಕ್ಕೆ ವಾಲಿ ಜೋತಾಡುತ್ತದೆ. ಒಂದೂವರೆ ಇಂಚು ಅಗಲ, 4-5 ಮಿ.ಮೀ. ದಪ್ಪ, ಅಡ್ಡಕ್ಕೆ ತಿರುಚಿದರೆ ಸುಲಭವಾಗಿ ಬಗ್ಗದಂಥದ್ದು ಬೇಕು. ಹೋಲ್ಸ್ಟರಿನ ಸೀಳು ಬೆಲ್ಟಿನ ಅಗಲಕ್ಕೆ ಸರಿಯಾಗಿರಬೇಕು. ಸೀಳು ದೊಡ್ಡದಾದರೆ ಹೋಲ್ಸ್ಟರ್ ಬೆಲ್ಟಿನ ಉದ್ದಕ್ಕೂ ಹಿಂದೆ ಮುಂದೆ ಸರಿಯುತ್ತದೆ. ಕೆಲವು ನೂರು ರೂಪಾಯಿಯ ಹೋಲ್ಸ್ಟರಿಗೂ ಕೆಲವು ಸಾವಿರದ ಕೈಹೊಲಿಗೆಯದಕ್ಕೂ ನಡುವೆ ನಿಮ್ಮ ಜೇಬು ತಡವರಿಸುತ್ತಿದ್ದರೆ, ಗಟ್ಟಿ ಬೆಲ್ಟು ಮತ್ತು ಸರಳ ಮುಚ್ಚಳದ ಹೋಲ್ಸ್ಟರ್ ಸಾಕು. ಅದರಲ್ಲಿ ಆಕಾರಕ್ಕೆ ಒತ್ತುವ ಕೆಲಸ ಸ್ವಲ್ಪ ಹೆಚ್ಚುಕಡಿಮೆಯಾದರೂ ಮುಚ್ಚಳ ಗನ್ನನ್ನು ಹಿಡಿಯುತ್ತದೆ. ಬಾಯಿ ತೆರೆದ ಹೋಲ್ಸ್ಟರಿನಲ್ಲಿ ಅಗ್ಗದ ಮಾಲು ಎಂದಿಗೂ ಬೇಡ. ಅಲ್ಲಿ ಎಲ್ಲವೂ ಹೊಂದಿಕೆಯ ಮೇಲೆ ನಿಂತಿದೆ.

ಹೇಳಿ ಮಾಡಿಸುವುದಾದರೆ? ಕಾನ್ಪುರದಲ್ಲಿ ಕುದುರೆ ಜೀನು ಹೊಲಿಯುವ ದೊಡ್ಡ ಪರಂಪರೆಯೇ ಇದೆ, ದಪ್ಪ ತೊಗಲು ಬಲ್ಲವರು ಅಲ್ಲಿದ್ದಾರೆ. ನಮ್ಮಲ್ಲೂ ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡುವವರು ಗಿಡಮೂಲದಲ್ಲಿ ಹದವಾದ ತೊಗಲಿನಲ್ಲೇ ಕೈ ಪಳಗಿಸಿಕೊಂಡವರು; ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಅಂಥ ಕೈಗೆ ಒಳ್ಳೆಯ ನಕ್ಷೆ ಕೊಟ್ಟರೆ ಕಾರ್ಖಾನೆಯ ಮಾಲನ್ನು ನಾಚಿಸುವ ಕೆಲಸ ಬರುತ್ತದೆ.

ಆದರೆ ಅಳತೆಗೆಂದು ರಿವಾಲ್ವರನ್ನು ಅವರ ಬಳಿ ಬಿಟ್ಟು ಬರುವಂತಿಲ್ಲ. ಲೈಸೆನ್ಸು ಇಲ್ಲದವರ ವಶಕ್ಕೆ, ಒಂದು ರಾತ್ರಿಗಾದರೂ, ಗನ್ ಕೊಡುವುದು ಇಬ್ಬರಿಗೂ ಅಪರಾಧವಾಗುತ್ತದೆ. ಮನೆಯಲ್ಲೇ ಖಾಲಿ ಗನ್ನನ್ನು ದಪ್ಪ ಹಾಳೆಯ ಮೇಲೆ ಮಲಗಿಸಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯಿರಿ. ಸಿಲಿಂಡರ್, ನಳಿಗೆ, ಟ್ರಿಗರ್ ಬಳೆ ಇವುಗಳ ದಪ್ಪ ಅಳೆದು ಗುರುತು ಹಾಕಿ. ಆ ಅಳತೆಗೆ ಬಡಗಿಯಿಂದ ಮರದ ಅಚ್ಚು ಮಾಡಿಸಿ. ನೆನೆದ ತೊಗಲು ಒಣಗುವವರೆಗೆ ಅಚ್ಚು ಒಳಗೇ ಇರಬೇಕಾದ್ದರಿಂದ ಇದು ಬೇರೆ ರೀತಿಯಲ್ಲೂ ಒಳ್ಳೆಯದು. ಒದ್ದೆ ತೊಗಲಿನಲ್ಲಿ ಅಸಲಿ ಗನ್ ಒಂದು ರಾತ್ರಿ ಕಳೆದರೆ ಬೆಳಿಗ್ಗೆ ತುಕ್ಕಿನ ಚುಕ್ಕೆ ಕಾಣುತ್ತದೆ. ಅಚ್ಚಿನಲ್ಲಿ ಸಿಲಿಂಡರಿನ ಮುಂದಿನ ಅಂಚಿನಿಂದ ನಳಿಗೆಯವರೆಗೆ ಸ್ವಲ್ಪ ಇಳಿಜಾರು ಬಿಡಿಸಿ. ಹಳೆಯ .455 ವೆಬ್ಲಿ ರಿವಾಲ್ವರುಗಳಲ್ಲಿ ನಳಿಗೆಯ ಎರಡೂ ಬದಿಗೆ ಬೆಣೆಯಂಥ ಉಬ್ಬು ಇದ್ದದ್ದೇ ಇದಕ್ಕೆ: ಒಳಗಿಡುವಾಗ ಸಿಲಿಂಡರಿನ ಅಂಚು ತೊಗಲಿಗೆ ತಾಗಿ ನಿಲ್ಲದಿರಲಿ ಎಂದು.

ಕೊಂಡ ಮೇಲೆ

ಹೊಸ ಹೋಲ್ಸ್ಟರ್ ಬಿಗಿಯಾಗಿದ್ದರೆ ಎಣ್ಣೆ ಹಚ್ಚಬೇಡಿ, ನೀರಲ್ಲಿ ನೆನೆಸಬೇಡಿ. ಖಾಲಿ ಗನ್ನಿಗೆ ತೆಳು ಪ್ಲಾಸ್ಟಿಕ್ ಕವರ್ ಸುತ್ತಿ ಮೆಲ್ಲಗೆ ಒಳಗೆ ತಳ್ಳಿ, ಕೆಲವು ಗಂಟೆ ಬಿಟ್ಟು ತೆಗೆಯಿರಿ. ಬೇಕಿದ್ದರೆ ಮಾರನೆಯ ದಿನ ಮತ್ತೊಮ್ಮೆ. ಆ ಹೊತ್ತೆಲ್ಲ ಅದು ನಿಮ್ಮ ಕಣ್ಣ ಮುಂದೆ ಅಥವಾ ಬೀಗದೊಳಗೆ ಇರಲಿ.

ನಮ್ಮ ಮನೆಗಳಲ್ಲಿ ತೊಗಲು ಕಂಡರೆ ಕೊಬ್ಬರಿ ಎಣ್ಣೆ ಸವರುವ ರೂಢಿ ಇದೆ. ಚಪ್ಪಲಿಗೆ ನಡೆಯುತ್ತದೆ. ಹೋಲ್ಸ್ಟರಿಗೆ ಎಣ್ಣೆ ಹೆಚ್ಚಾದರೆ ತೊಗಲು ಮೆತ್ತಗಾಗಿ ಹಿಡಿತ ಹೋಗುತ್ತದೆ, ದುಡ್ಡು ಕೊಟ್ಟು ಕೊಂಡ ಗುಣವೇ ಕರಗುತ್ತದೆ. ಹೊರಮೈಗೆ ಮಾತ್ರ ಬಣ್ಣವಿಲ್ಲದ ಶೂ ಪಾಲಿಶನ್ನೋ ಜೇನುಮೇಣದ ಪಾಲಿಶನ್ನೋ ತೆಳುವಾಗಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಒಳಮೈಗೆ ಏನೂ ಬೇಡ. ಒಣ ಬಟ್ಟೆ ಸುತ್ತಿದ ಕಡ್ಡಿಯಿಂದ ಧೂಳು ತೆಗೆದರೆ ಸಾಕು. ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಮೇಣ ಹಚ್ಚಲಿ. ಕಲಬುರಗಿ, ರಾಯಚೂರಿನ ಒಣ ಬಿಸಿಲಿನಲ್ಲಿ ಸಮಸ್ಯೆ ತಿರುಗಾಮುರುಗಾ: ಅಲ್ಲಿ ತೊಗಲು ಬಿರುಕು ಬಿಡುತ್ತದೆ, ಬೇಸಿಗೆಯಲ್ಲಿ ಹೊರಗಿನಿಂದ ತುಸು ಲೆದರ್ ಕಂಡೀಷನರ್ ಕೊಡಬಹುದು, ಅದೂ ಬೆರಳ ತುದಿಯಷ್ಟು.

ನೆನೆದರೆ ಗನ್ ತೆಗೆದು ಮೊದಲು ಅದನ್ನು ಒರೆಸಿ, ಎಣ್ಣೆ ಕೊಡಿ. ಹೋಲ್ಸ್ಟರಿಗೆ ಮರದ ಅಚ್ಚಿದ್ದರೆ ಅದನ್ನು ತೂರಿಸಿ, ಇಲ್ಲದಿದ್ದರೆ ಹಳೆಯ ಪೇಪರ್ ಸಡಿಲವಾಗಿ ತುಂಬಿ, ನೆರಳಲ್ಲಿ ಫ್ಯಾನಿನ ಗಾಳಿಗೆ ಒಣಗಿಸಿ. ಒಲೆಯ ಮೇಲಿನ ಅಟ್ಟ, ಬಚ್ಚಲ ಹಂಡೆಯ ಪಕ್ಕ, ಬಿಸಿಲು, ಹೇರ್ ಡ್ರೈಯರ್ ಯಾವುದೂ ಬೇಡ. ಬಿಸಿಗೆ ತೊಗಲು ಸುಕ್ಕಾಗಿ ಅಳತೆಯೇ ಬದಲಾಗುತ್ತದೆ. ಬೂಷ್ಟು ಬಂದಿದ್ದರೆ ಮನೆಯ ಹೊರಗೆ ಒಯ್ದು ಬ್ರಷ್ಷಿನಿಂದ ಕೊಡವಿ, ಬಿಳಿ ವಿನೆಗರಿಗೆ ಸಮ ನೀರು ಬೆರೆಸಿ ಅದರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಮೇಣ ಹಚ್ಚಿ. ಹಿತ್ತಾಳೆ ಗುಂಡಿಯ ಸುತ್ತ ಹಸಿರು ಕಿಲುಬು ಕಂಡರೆ ಒಣ ಬಟ್ಟೆಯಿಂದ ಉಜ್ಜಿದರೆ ಹೋಗುತ್ತದೆ. ಬ್ರಾಸೊ ಹಚ್ಚಿದರೆ ಅದು ತೊಗಲಿಗೆ ಇಳಿದು ಕಲೆ ಬೀಳುತ್ತದೆ.

ಇನ್ನು ಮೊದಲೇ ಹೇಳಿದ ಮಾತು. ರಾತ್ರಿ ಮನೆಗೆ ಬಂದ ಮೇಲೆ ಗನ್ನನ್ನು ಹೋಲ್ಸ್ಟರಿನಲ್ಲೇ ಬಿಟ್ಟು ಬೀರುವಿಗೆ ಹಾಕಬೇಡಿ. ತೊಗಲು ಗಾಳಿಯ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ. ಹದಕ್ಕೆ ಬಳಸಿದ ಟ್ಯಾನಿನ್ನುಗಳು ಹುಳಿ ಗುಣದವು. ಇವೆರಡೂ ಸೇರಿ ಉಕ್ಕನ್ನು ಒತ್ತಿಕೊಂಡು ಕೂತರೆ ಉಕ್ಕಿಗೆ ಕೊಟ್ಟ ನೀಲಿ ಬಣ್ಣದ ಮೇಲೆ ಮೊದಲು ಕಂದು ಚುಕ್ಕೆ, ಆಮೇಲೆ ಅಳಿಸಲಾಗದ ಗುಳಿ ಬೀಳುತ್ತದೆ. ಗನ್ ಒರೆಸಿ, ತೆಳುವಾಗಿ ಎಣ್ಣೆ ಕೊಟ್ಟು, ಬೀಗವಿರುವ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹೋಲ್ಸ್ಟರ್ ಬೇರೆ ಕಡೆ, ಗಾಳಿಯಾಡುವ ಬಟ್ಟೆಯ ಚೀಲದಲ್ಲಿ ಇರಲಿ. ಚುನಾವಣೆಯ ಹೊತ್ತಿನಲ್ಲಿ ಠಾಣೆಗೋ ಗನ್ ಅಂಗಡಿಗೋ ಒಪ್ಪಿಸುವಾಗ ಈ ಸಂಗತಿ ಇನ್ನೂ ಮುಖ್ಯ. ವಾರಗಟ್ಟಲೆ ಅದು ಅಲ್ಲಿರುತ್ತದೆ, ಒರೆಸುವವರು ಯಾರೂ ಇರುವುದಿಲ್ಲ. ಹೋಲ್ಸ್ಟರನ್ನು ಮನೆಯಲ್ಲೇ ಇಟ್ಟು, ಗನ್ನಿಗೆ ಎಣ್ಣೆ ಧಾರಾಳವಾಗಿ ಹಚ್ಚಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕೊಟ್ಟು ರಸೀದಿ ಪಡೆಯಿರಿ.

ತೊಗಲಿನ ಹೋಲ್ಸ್ಟರ್ ಚೆನ್ನಾಗಿ ನೋಡಿಕೊಂಡರೆ ಬಹಳ ವರ್ಷ ಬಾಳುತ್ತದೆ, ಆದರೆ ಶಾಶ್ವತವಲ್ಲ. ತಲೆಕೆಳಗೆ ಹಿಡಿಯುವ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಖಾಲಿ ಗನ್ನಿನಲ್ಲಿ ಮಾಡಿ. ಹೊಲಿಗೆ ಬಿಟ್ಟಿದ್ದರೆ ಮತ್ತೆ ಹೊಲಿಸಬಹುದು, ಟಿಚ್ ಬಟನ್ ಸಡಿಲವಾದರೆ ಬದಲಿಸಬಹುದು, ಬೆಲ್ಟಿನ ಸೀಳು ಹರಿಯುತ್ತಿದ್ದರೆ ತುಂಡು ಹಾಕಿ ಗಟ್ಟಿ ಮಾಡಬಹುದು. ಬಾಯಿಯ ತೊಗಲು ಮೆತ್ತಗಾಗಿ ಒಳಕ್ಕೆ ಮಡಚುತ್ತಿದ್ದರೆ ಮಾತ್ರ ರಿಪೇರಿಯ ಆಸೆ ಬಿಟ್ಟು, ಇನ್ನೊಬ್ಬರು ಬಳಸದ ಹಾಗೆ ಕತ್ತರಿಸಿ ಎಸೆದು ಹೊಸದನ್ನು ಕೊಳ್ಳಿ.